ಚರ್ಚುಗಳ ಬಾಗಿಲು ಮುಚ್ಚಿದ್ದ ಕ್ರಿಸ್ಮಸ್

ಲಂಡನ್ನಿನ ಸಮೀಪ ಥೇಮ್ಸ್ ನದಿಯ ದಡದಲ್ಲಿರುವ ಡೆಟ್‌ಫರ್ಡ್ ಎಂಬಲ್ಲಿ 17ನೆಯ ಶತಮಾನದಲ್ಲಿ ಸೇಯ್ಸ್ ಕೋರ್ಟ್ ಎಂಬ ಮನೆಯಿತ್ತು. 1652ರ ಡಿಸೆಂಬರ್ 25ರಂದು ಜಾನ್ ಎವೆಲಿನ್ ಮತ್ತು ಅವರ ಪತ್ನಿ ಮೇರಿ ಕ್ರಿಸ್ಮಸ್ ಹಬ್ಬವನ್ನು ಆ ಮನೆಯೊಳಗೇ ಕಳೆದರು. ದಿನಚರಿ ಬರೆಯುವುದು ಎವೆಲಿನ್ನರ ಜೀವಮಾನದ ಅಭ್ಯಾಸವಾಗಿತ್ತು. ಆದರೆ ಆ ದಿನದ ಕುರಿತು ಅವರು ಬರೆದಿಟ್ಟದ್ದು ಬಹಳ ಅಲ್ಪ. ಎಲ್ಲಿಯೂ ಪ್ರಬೋಧನೆ ನಡೆಯಲಿಲ್ಲ, ಚರ್ಚುಗಳನ್ನು ತೆರೆಯಗೊಡಲಿಲ್ಲ, ಆದಕಾರಣ ಹಬ್ಬವನ್ನು ಮನೆಯಲ್ಲಿಯೇ ಆಚರಿಸಬೇಕಾಯಿತು ಎಂಬುದಷ್ಟೇ ಅದರ ಸಾರ.

ಚರ್ಚುಗಳನ್ನು ಮುಚ್ಚಿಸಿದವರು ಅನ್ಯಧರ್ಮೀಯ ಅರಸರಾಗಿರಲಿಲ್ಲ. ಬೈಬಲನ್ನು ಹಗಲಿರುಳು ಓದುತ್ತಿದ್ದ ಪ್ಯೂರಿಟನ್ ಕ್ರೈಸ್ತರೇ ಈ ಕೆಲಸ ಮಾಡಿದ್ದರು. ಶುಭಸಂದೇಶಗಳಲ್ಲಿ ಪ್ರಭುವಿನ ಜನನದ ತಾರೀಖು ಇಲ್ಲ. ಆ ಹಬ್ಬದ ಹೆಸರಿನಲ್ಲಿ ನಡೆಯುವ ಕುಡಿತ, ಜೂಜು, ಗದ್ದಲಗಳು ಪ್ರಭುವಿಗೆ ಅಪಮಾನ ಎಂಬುದು ಅವರ ವಾದ. ಈ ವಾದವನ್ನು ಪೂರ್ತಿ ತಳ್ಳಿಹಾಕುವುದು ಸುಲಭವಲ್ಲ. ಕುಡಿತದ ವಿಷಯದಲ್ಲಂತೂ ನಮ್ಮ ಊರುಗಳ ಡಿಸೆಂಬರ್ ತಿಂಗಳನ್ನು ಬಲ್ಲವರು ಅದನ್ನು ಹಗುರವಾಗಿ ಕಾಣಲಾರರು. ಆದರೆ ಅವರು ಬೋಧಿಸುವಲ್ಲಿಗೆ ನಿಲ್ಲದೆ ಕಾನೂನನ್ನು ಕೈಗೆತ್ತಿಕೊಂಡರು. 1645ರಲ್ಲಿ ಸಾಮಾನ್ಯ ಪ್ರಾರ್ಥನಾ ಪುಸ್ತಕಕ್ಕೆ ಬದಲಾಗಿ ಹೊಸ ಆರಾಧನಾ ನಿಯಮಗಳು ಬಂದವು. 1647ರ ಜೂನ್ ತಿಂಗಳಲ್ಲಿ ಕ್ರಿಸ್ಮಸ್, ಈಸ್ಟರ್ ಮತ್ತು ಪಂಚಾಶತ್ತಮ ಹಬ್ಬಗಳನ್ನು ಪಾರ್ಲಿಮೆಂಟು ರದ್ದುಗೊಳಿಸಿತು. ಆ ವರ್ಷದ ಕ್ರಿಸ್ಮಸ್‌ನಂದು ಕ್ಯಾಂಟರ್ಬರಿಯಲ್ಲಿ ಅಂಗಡಿಗಳನ್ನು ತೆರೆಯಬೇಕೆಂದು ನಗರಾಧ್ಯಕ್ಷರು ಆಜ್ಞಾಪಿಸಿದಾಗ ಜನರು ದಂಗೆಯೆದ್ದರು. ಆದರೂ ಕಾನೂನು ಸಡಿಲವಾಗಲಿಲ್ಲ. 1652ರಲ್ಲಿಯೂ ಹಬ್ಬದ ಮುನ್ನಾದಿನ ಪಾರ್ಲಿಮೆಂಟು ಮತ್ತೊಮ್ಮೆ ನಿರ್ಣಯ ಮಾಡಿ, ಮರುದಿನ ಸಂತೆಗಳು ನಡೆಯಲಿ, ಚರ್ಚುಗಳಲ್ಲಿ ಯಾವ ವಿಶೇಷ ಆರಾಧನೆಯೂ ಬೇಡ ಎಂದು ಸಾರಿತು.

ಎವೆಲಿನ್ ದಂಪತಿಗಳ ವಿವಾಹ ನಡೆದದ್ದೂ ಹಬ್ಬಗಳು ರದ್ದಾದ ಆ 1647ರ ಜೂನ್ ತಿಂಗಳಲ್ಲಿಯೇ, ಪ್ಯಾರಿಸ್ ನಗರದಲ್ಲಿ. ಮೇರಿಯ ತಂದೆ ಸರ್ ರಿಚರ್ಡ್ ಬ್ರೌನ್ ಅಲ್ಲಿ ಇಂಗ್ಲೆಂಡಿನ ಅರಸನ ಪ್ರತಿನಿಧಿಯಾಗಿದ್ದರು. ವಧುವಿಗೆ ಆಗ ಹನ್ನೆರಡರ ಆಸುಪಾಸಿನ ಪ್ರಾಯ. ಐದು ವರ್ಷಗಳ ಬಳಿಕ, 1652ರ ಬೇಸಿಗೆಯಲ್ಲಿ, ಅವರು ತಾಯಿಯೊಡನೆ ಇಂಗ್ಲೆಂಡಿಗೆ ಬಂದರು. ಆಗಸ್ಟ್ 24ರಂದು ಚೊಚ್ಚಲ ಮಗ ರಿಚರ್ಡ್ ಹುಟ್ಟಿದ. ಆ ಮಗುವಿಗೆ ಹಳೆಯ ವಿಧಿಯಂತೆ ದೀಕ್ಷಾಸ್ನಾನ ಕೊಟ್ಟವರು ಅಧಿಕಾರಿಗಳಿಂದ ಪದಚ್ಯುತರಾಗಿದ್ದ ಒಬ್ಬ ಗುರುಗಳು. ಆ ಬಳಿಕ ಕೆಲವೇ ವಾರಗಳಲ್ಲಿ ಮೇರಿಯ ತಾಯಿ ಜ್ವರದಿಂದ ತೀರಿಕೊಂಡರು. ಅವರನ್ನು ಡೆಟ್‌ಫರ್ಡಿನ ಚರ್ಚಿನಲ್ಲಿ ಹಳೆಯ ಪ್ರಾರ್ಥನಾ ವಿಧಿಯಂತೆ ಭೂಸ್ಥಾಪನೆ ಮಾಡಲು ಎವೆಲಿನ್ನರು ವಿಶೇಷ ಅನುಮತಿ ಪಡೆಯಬೇಕಾಯಿತು. ಏಳು ವರ್ಷಗಳಿಂದ ಆ ವಿಧಿಯು ಅಲ್ಲಿ ಕೇಳಿಬಂದಿರಲಿಲ್ಲ.

ಹೀಗೆ ಆ ಡಿಸೆಂಬರ್‌ನಲ್ಲಿ ಆ ಮನೆಯೊಳಗಿದ್ದವರು ತಾಯಿಯನ್ನು ಕಳೆದುಕೊಂಡು ಮೂರು ತಿಂಗಳಷ್ಟೇ ಆಗಿದ್ದ ಯುವ ತಾಯಿ, ನಾಲ್ಕು ತಿಂಗಳ ಹಸುಳೆ, ಮೂವತ್ತೆರಡು ವರ್ಷದ ಗೃಹಸ್ಥ. ಅಂದು ಯಾವ ಪ್ರಾರ್ಥನೆ ಹೇಳಿದರು, ಊಟಕ್ಕೆ ಏನಿತ್ತು ಎಂಬುದು ದಿನಚರಿಯಲ್ಲಿಲ್ಲ. ಮರುದಿನ ಮಾತ್ರ ಅವರು ನೆರೆಯ ಲೂಯಿಶಾಮಿಗೆ ಹೋಗಿ ನಂಬಿಗಸ್ತರಾದ ಒಬ್ಬ ಗುರುಗಳ ಪ್ರಬೋಧನೆಯನ್ನು ಕೇಳಿದರು. ಹಬ್ಬದ ಬೋಧನೆಗಾಗಿ ಒಂದು ದಿನ ತಡವಾಗಿಯಾದರೂ ಪಕ್ಕದ ಊರಿಗೆ ಹೋದರೆಂಬುದೇ ಅವರ ಮನಸ್ಸನ್ನು ತಿಳಿಸುತ್ತದೆ.

1654ರಲ್ಲಿಯೂ ಎವೆಲಿನ್ನರು ಮನೆಯಲ್ಲಿಯೇ ಹಬ್ಬ ಮಾಡಬೇಕಾಯಿತು. ಹಬ್ಬ ಆಚರಿಸಿದವರಿಗೆ ದಂಡನೆಯಿತ್ತೆಂದು ಅವರು ಬರೆಯುತ್ತಾರೆ. ಚರ್ಚುಗಳಲ್ಲಿ ಧರ್ಮೋಪದೇಶದ ಪಾಠವೇ ನಿಂತುಹೋದಾಗ, ಭಾನುವಾರ ಮಧ್ಯಾಹ್ನಗಳಲ್ಲಿ ತಮ್ಮ ಮನೆಯವರನ್ನು ಕೂರಿಸಿಕೊಂಡು ತಾವೇ ಕಲಿಸತೊಡಗಿದರು. ಎವೆಲಿನ್ನರನ್ನು ಉದ್ಯಾನಗಳ ಪ್ರೇಮಿಯೆಂದೂ ರಾಯಲ್ ಸೊಸೈಟಿಯ ಸ್ಥಾಪಕ ಸದಸ್ಯರಲ್ಲಿ ಒಬ್ಬರೆಂದೂ ಚರಿತ್ರೆ ನೆನೆಯುತ್ತದೆ. ಭಾನುವಾರದ ಈ ಪಾಠವೂ ಅವರ ದೊಡ್ಡ ಕೆಲಸಗಳಲ್ಲೊಂದೆಂದು ನನಗನಿಸುತ್ತದೆ.

1657ರ ಕ್ರಿಸ್ಮಸ್‌ಗೆ ಪತಿಪತ್ನಿಯರಿಬ್ಬರೂ ಲಂಡನ್ನಿನ ಎಕ್ಸಿಟರ್ ಹೌಸಿನ ಪ್ರಾರ್ಥನಾಲಯಕ್ಕೆ ಹೋದರು. ಗುರುಗಳು ಪ್ರಭುಭೋಜನವನ್ನು ಹಂಚುತ್ತಿದ್ದಾಗ ಸೈನಿಕರು ಪ್ರಾರ್ಥನಾಲಯವನ್ನು ಸುತ್ತುವರಿದರು. ಪೀಠದ ಬಳಿಗೆ ಬಂದವರತ್ತ ಬಂದೂಕುಗಳನ್ನು ಗುರಿಯಿಟ್ಟು ನಿಂತರು. ಆದರೂ ಸಂಸ್ಕಾರ ಮುಗಿಯುವವರೆಗೆ ತಡೆಯಲಿಲ್ಲ. ಎವೆಲಿನ್ನರನ್ನು ಅದೇ ಕಟ್ಟಡದ ಒಂದು ಕೋಣೆಯಲ್ಲಿ ಕೂಡಿಹಾಕಿದರು. ಮಧ್ಯಾಹ್ನ ಸೇನಾಧಿಕಾರಿಗಳು ಬಂದು, ನಿಷೇಧವಿದ್ದರೂ ಹಬ್ಬವನ್ನು ಆಚರಿಸಿದ್ದೇಕೆ, ಅರಸನ ಮಗನಿಗಾಗಿ ಪ್ರಾರ್ಥಿಸಿದ್ದೇಕೆ ಎಂದು ವಿಚಾರಿಸಿದರು. ತಾವು ಎಲ್ಲ ಕ್ರೈಸ್ತ ಅರಸರಿಗಾಗಿ ಪ್ರಾರ್ಥಿಸಿದೆವು ಎಂದು ಎವೆಲಿನ್ನರು ಉತ್ತರಿಸಿದರು. ಹಾಗಾದರೆ ಶತ್ರುವೂ ಕಥೋಲಿಕನೂ ಆದ ಸ್ಪೇನಿನ ಅರಸನಿಗಾಗಿಯೂ ಪ್ರಾರ್ಥಿಸಿದಂತಾಯಿತಲ್ಲ ಎಂಬುದು ಅಧಿಕಾರಿಗಳ ಪ್ರತಿವಾದ! ಕೊನೆಗೆ ಅವರನ್ನು ಬಿಟ್ಟರು. ಮರುದಿನ ಹೊತ್ತು ಮೀರಿ ಅವರು ಮನೆ ಸೇರಿದರು.

ಆ ಬಳಿಕ ಒಂದು ತಿಂಗಳಷ್ಟೇ. 1658ರ ಜನವರಿ 27ರಂದು ರಿಚರ್ಡ್ ಜ್ವರದಿಂದ ತೀರಿಕೊಂಡ. ಅವನಿಗೆ ಐದೂವರೆ ವರ್ಷವೂ ತುಂಬಿರಲಿಲ್ಲ. ಆ ವಯಸ್ಸಿಗೇ ಲ್ಯಾಟಿನ್ ಓದಬಲ್ಲವನಾಗಿದ್ದ, ಪ್ರಾರ್ಥನೆಗಳನ್ನು ಬಾಯಿಪಾಠ ಹೇಳುತ್ತಿದ್ದ. 1660ರಲ್ಲಿ ಅರಸೊತ್ತಿಗೆ ಮರಳಿ ಬಂದು ಕ್ರಿಸ್ಮಸ್ ಮತ್ತೆ ಬಹಿರಂಗವಾದಾಗ ಆ ಮಗು ಇರಲಿಲ್ಲ. ದಂಪತಿಗಳಿಗೆ ಹುಟ್ಟಿದ ಎಂಟು ಮಕ್ಕಳಲ್ಲಿ ತಂದೆತಾಯಿಯರ ನಂತರವೂ ಬದುಕಿದ್ದವಳು ಮಗಳು ಸುಸಾನಳೊಬ್ಬಳೇ.

ಮಗನು ಹೋದ ಅದೇ 1658ರಲ್ಲಿ ಎವೆಲಿನ್ನರು ಸಂತ ಜಾನ್ ಕ್ರಿಸೊಸ್ತೊಮರ ಒಂದು ಗ್ರಂಥವನ್ನು ಇಂಗ್ಲಿಷಿಗೆ ಭಾಷಾಂತರಿಸಿ ಅಚ್ಚಿಗೆ ಕೊಟ್ಟರು. ಮಕ್ಕಳನ್ನು ಹೇಗೆ ಬೆಳೆಸಬೇಕೆಂಬುದೇ ಅದರ ವಿಷಯ. ಅದರ ಮುನ್ನುಡಿಯಲ್ಲಿ ಅವರು ರಿಚರ್ಡನ ಬಗ್ಗೆ ಬರೆದರು.