ಪೈರೆಥ್ರಮ್: ತಂಪನ್ನು ಅರಸಿ ಹೋದ ಹೂ

ಇಂದಿನ ಸೊಳ್ಳೆಬತ್ತಿಗಳಲ್ಲಿರುವುದು ಕೃತಕ ರಾಸಾಯನಿಕ. ಆದರೆ ಮೊದಲ ಬತ್ತಿಗಳನ್ನು ಜಪಾನಿನಲ್ಲಿ ತಯಾರಿಸಿದ್ದು ಹೂವಿನ ಪುಡಿಯಿಂದ! ಸೇವಂತಿಗೆಯ ಬಂಧುವಾದ ಪೈರೆಥ್ರಮ್‌ನ ತವರು ಆಡ್ರಿಯಾಟಿಕ್ ಸಮುದ್ರದಂಚಿನ ಡಾಲ್ಮೇಷಿಯಾ. ಕೀಟಗಳ ನರಮಂಡಲವನ್ನು ಕೆಡಿಸುವ ಪೈರೆಥ್ರಿನ್‌ಗಳು ಬಹುಪಾಲು ಅದರ ಹೂವಿನ ನಡುವಣ ಎಳೆಗಾಯಿಗಳಲ್ಲಿರುತ್ತವೆ. ಬಿಳಿ ಎಸಳಿನಲ್ಲಿ ಅತ್ಯಲ್ಪ.

ಎರಡನೆಯ ಮಹಾಯುದ್ಧಕ್ಕೆ ಮುನ್ನ ಜಪಾನ್ ಪ್ರಮುಖ ಉತ್ಪಾದಕ ದೇಶವಾಗಿತ್ತು. ಯುದ್ಧದಲ್ಲಿ ಆ ಪೂರೈಕೆ ನಿಂತಾಗ ಮಿತ್ರರಾಷ್ಟ್ರಗಳು ಕೀನ್ಯಾದ ಹೂವನ್ನು ನೆಚ್ಚಿದವು.

ಸಮಭಾಜಕ ವೃತ್ತ ಹಾದುಹೋಗುವ ನಾಡಿನಲ್ಲಿ ಈ ಗಿಡವೆ? ಮೊಗ್ಗು ಮೂಡಲು ಇದಕ್ಕೆ ಸುಮಾರು ಎರಡು ವಾರಗಳ ಕಾಲ 16 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ರಾತ್ರಿಗಳು ಬೇಕು. ಉತ್ತರ ಇಲ್ಲಿ ಭೌತವಿಜ್ಞಾನದ್ದು. ಒಂದು ಕಿಲೋಮೀಟರ್ ಮೇಲೇರಿದರೆ ವಾಯುವಿನ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಅಕ್ಷಾಂಶ ಮಾಡಬೇಕಾದ ಕೆಲಸವನ್ನು ಎತ್ತರವೇ ಮಾಡಿತು. ಸುಮಾರು 2000 ಮೀಟರಿಗೂ ಮೇಲಿನ ಹೊಲಗಳಲ್ಲಿ ವರ್ಷವಿಡೀ ರಾತ್ರಿ ತಂಪು. ತವರಿನಲ್ಲಿ ವರ್ಷಕ್ಕೊಮ್ಮೆ ಅರಳುವ ಗಿಡ ಇಲ್ಲಿ ತಿಂಗಳುಗಟ್ಟಲೆ ಅರಳುತ್ತಲೇ ಇತ್ತು. ಸಣ್ಣ ಹಿಡುವಳಿಯ ಕುಟುಂಬಗಳಿಗೆ ಮತ್ತೆ ಮತ್ತೆ ಕೊಯ್ಲು, ಕೈಗೆ ಕಾಸು.

ಈ ವರವೇ ಮುಂದೆ ತೊಡಕಾಯಿತು. ಹೂಗಳು ಒಟ್ಟಿಗೆ ಅರಳದಿದ್ದರೆ ಯಂತ್ರ ನಿರುಪಯೋಗಿ, ಕೈಯಿಂದಲೇ ಬಿಡಿಸಬೇಕು. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಚಳಿಗಾಲ ಕಳೆದ ಮೇಲೆ ಇಡೀ ಹೊಲ ಒಮ್ಮೆಗೇ ಅರಳುತ್ತದೆ. 1980ರ ದಶಕದಿಂದ ಅಲ್ಲಿ ಯಂತ್ರಕೊಯ್ಲಿನ ಬೇಸಾಯ ಬೆಳೆಯಿತು. ಇತ್ತ ಕೀನ್ಯಾದಲ್ಲಿ ಮಾರಿದ ಹೂವಿಗೆ ಸಕಾಲದಲ್ಲಿ ಹಣ ಬಾರದೆ ರೈತರು ಬೇಸರಗೊಂಡರು. ಇದರಲ್ಲಿ ಹವೆಯ ತಪ್ಪೇನೂ ಇರಲಿಲ್ಲ! ಹಲವರು ಗಿಡಗಳನ್ನು ಕಿತ್ತು ಬೇರೆ ಬೆಳೆ ಹಾಕಿದರು.