ನೆತ್ತರುಗೊಡಗೆಯ ನಾಡಿನ ರಸ್ತೆಗಳು

ಸೊರಬ, ಶಿಕಾರಿಪುರ ಸೀಮೆಯಲ್ಲಿ ವೀರಗಲ್ಲಿಲ್ಲದ ಊರು ಸಿಗುವುದು ಕಷ್ಟ. ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಅಡಿಕೆ ತೋಟದ ಬೇಲಿಗೆ ಒರಗಿಕೊಂಡು ಅವು ನಿಂತಿರುತ್ತವೆ. ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಏಳು, ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳಿವೆ. ಪಿಎಚ್.ಡಿ.ಗಾಗಿ ನಾನು ಓದುತ್ತಿರುವುದು ಇವುಗಳನ್ನೇ.

ಅರಸರ ಕಾಳಗದಲ್ಲಿ ಬಿದ್ದವರ ಕಲ್ಲುಗಳಿಗಿಂತ ಸಾಮಾನ್ಯರ ಕಲ್ಲುಗಳು ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸುತ್ತವೆ. ತುರುಗೋಳಿನಲ್ಲಿ ದನ ಬಿಡಿಸಲು ಹೋದವನು, ಊರಳಿವಿನಲ್ಲಿ ಕಾದಿ ಸತ್ತವನು, ಕಳ್ಳರಿಗೆ ಎದುರು ನಿಂತವನು. ಎಷ್ಟೋ ಕಲ್ಲುಗಳಲ್ಲಿ ಕಾಲ, ಊರು, ಸತ್ತವನ ಹೆಸರು, ಸತ್ತ ಕಾರಣ, ಕಲ್ಲು ನಿಲ್ಲಿಸಿದವರು ಯಾರು ಎಂಬುದೆಲ್ಲ ಇರುತ್ತದೆ. ಅವನ ಮನೆಯವರಿಗೆ ಭೂಮಿ ಬಿಟ್ಟರೆ ಅದು ನೆತ್ತರುಗೊಡಗೆ. ಎಂಥ ಹೆಸರು! ಇಂದಿನ ಯಾವ ಪರಿಹಾರ ಯೋಜನೆಗೂ ಇಷ್ಟು ನೇರವಾದ ಹೆಸರಿಲ್ಲ.

ಈ ಕಲ್ಲುಗಳನ್ನು ಹುಡುಕಿಕೊಂಡು ಬೈಕಿನಲ್ಲಿ ಊರೂರು ಸುತ್ತುವಾಗ ಕಲ್ಲಿಲ್ಲದ ಸಾವುಗಳ ಮಾತೂ ಕಿವಿಗೆ ಬೀಳುತ್ತದೆ. ಶಾಸನ ಎಲ್ಲಿದೆ ಎಂದು ಕೇಳಿದರೆ ದಾರಿ ಹೇಳುವವರು, 'ಆ ತಿರುವಿನಲ್ಲಿ ಮಾತ್ರ ಹುಷಾರು ಮಾರಾಯ್ರೆ' ಎನ್ನುತ್ತಾರೆ. ಯಾವ ತಿರುವು, ಯಾರ ಮಗ, ಯಾವ ಸುಗ್ಗಿಯಲ್ಲಿ ಎಂಬುದು ಊರಿಗೆ ಬಾಯಿಪಾಠ.

ಸರ್ಕಾರದ ಲೆಕ್ಕ ಬೇರೆ. ಕೇಂದ್ರ ಸಾರಿಗೆ ಸಚಿವಾಲಯದ ಪ್ರಕಾರ ಬ್ಲ್ಯಾಕ್ ಸ್ಪಾಟ್ ಎನ್ನಿಸಿಕೊಳ್ಳಬೇಕಾದರೆ ಸುಮಾರು 500 ಮೀಟರ್ ರಸ್ತೆಯಲ್ಲಿ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತಗಳಾಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಈ ಮಾನದಂಡ ಹುಟ್ಟಿದ್ದು ರಾಷ್ಟ್ರೀಯ ಹೆದ್ದಾರಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ವರ್ಷಕ್ಕೊಬ್ಬರಂತೆ ಸಾಯುವ ಹಳ್ಳಿಯ ತಿರುವು 3 ವರ್ಷಕ್ಕೆ 3ರಲ್ಲೇ ನಿಲ್ಲುತ್ತದೆ, ಪಟ್ಟಿಗೆ ಏರುವುದೇ ಇಲ್ಲ. ಒಬ್ಬ ಸತ್ತರೆ ಒಂದು ಕಲ್ಲು ಎಂಬ ಹಳೆಯ ಲೆಕ್ಕಕ್ಕೆ ಹತ್ತು ಹೆಣ ಬೀಳುವವರೆಗೆ ಕಾಯುವ ಅಗತ್ಯವಿರಲಿಲ್ಲ.

ಕಾರಣಗಳು ಗುಟ್ಟಿನವೇನಲ್ಲ. ಸುಗ್ಗಿಯಲ್ಲಿ ಡಾಂಬರಿನ ಅರ್ಧಕ್ಕೆ ಮೆಕ್ಕೆಜೋಳ ಹರಡಿ, ಅಂಚಿಗೆ ಕಲ್ಲಿಟ್ಟಿರುತ್ತಾರೆ. ಸಂಜೆ ರಾಶಿ ಎತ್ತಿದ ಮೇಲೂ ಕಲ್ಲು ಅಲ್ಲೇ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರು ಕತ್ತಲಲ್ಲಿ ನಿಂತಿರುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಪೊದೆ ಬೆಳೆದು ತಿರುವನ್ನೇ ಮುಚ್ಚಿರುತ್ತದೆ. ರಾತ್ರಿ ದನಗಳು ಬೆಚ್ಚಗಿನ ಡಾಂಬರಿನ ಮೇಲೆ ಮಲಗುತ್ತವೆ. (ಹಿಂದೆ ಇವುಗಳಿಗಾಗಿಯೇ ಜನ ಪ್ರಾಣ ಕೊಟ್ಟಿದ್ದರು.) ರೈತನನ್ನು ಬೈಯುವುದು ಸುಲಭ, ಆದರೆ ಕಣವಿಲ್ಲದವನು ಜೋಳ ಒಣಗಿಸುವುದೆಲ್ಲಿ? ಊರಿಗೊಂದು ಕಣ, ಟ್ರೈಲರಿಗೆ ಕೆಂಪು ಪ್ರತಿಫಲಕ ಪಟ್ಟಿ, ದೀಪಾವಳಿಗೆ ಮೊದಲು ಪೊದೆ ಸವರುವುದು, ಇವಕ್ಕೆ ದೆಹಲಿಯ ಪಟ್ಟಿ ಬೇಕಿಲ್ಲ. ಯಾರು, ಎಲ್ಲಿ, ಯಾವ ಕಾರಣಕ್ಕೆ ಸತ್ತರು ಎಂದು ಪಂಚಾಯ್ತಿ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಯಾವ ತಿರುವಿನಿಂದ ಶುರು ಮಾಡಬೇಕೆಂದು ಅದೇ ಹೇಳುತ್ತದೆ.

ನೆತ್ತರುಗೊಡಗೆಯಂಥದ್ದು ಈಗಲೂ ಒಂದಿದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸತ್ತವರ ಮನೆಯವರಿಗೆ 2 ಲಕ್ಷ ರೂಪಾಯಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಮೊದಲು 25 ಸಾವಿರವಿತ್ತು. ಆದರೆ ಅರ್ಜಿ ಹಾಕಬೇಕು. ವೀರಗಲ್ಲಿನ ಕಾಲದಲ್ಲಿ ಕೊಡಗೆಯ ವಿಷಯ ಊರ ನಡುವೆ ಕಲ್ಲಿನ ಮೇಲೆಯೇ ಇರುತ್ತಿತ್ತು, ಅಕ್ಷರ ಬಾರದವಳಿಗೂ ಯಾರಾದರೂ ಓದಿ ಹೇಳುತ್ತಿದ್ದರು. ಈ ಯೋಜನೆಯ ಹೆಸರನ್ನು ನಾನು ಹೋದ ಊರುಗಳ ಪಂಚಾಯ್ತಿ ಗೋಡೆಗಳ ಮೇಲೆ ಇನ್ನೂ ಕಂಡಿಲ್ಲ.