ಕೆಫೀನ್ ಒಡೆಯುವ ಮಣ್ಣಿನ ಬ್ಯಾಕ್ಟೀರಿಯಾಗಳ ಜೀನೋಮ್ ಅಧ್ಯಯನ
ಕೆಫೀನನ್ನೇ ಇಂಗಾಲ, ಸಾರಜನಕಗಳ ಮೂಲವಾಗಿ ಬಳಸಿ ಬೆಳೆಯುವ ಮಣ್ಣಿನ ಬ್ಯಾಕ್ಟೀರಿಯಾಗಳ ಡಿಎನ್‌ಎ ಅನುಕ್ರಮವನ್ನು ಪೂರ್ಣವಾಗಿ ಓದಿ, ತಳಿತಳಿಗಳ ನಡುವೆ ಹೋಲಿಸುವ ಅಧ್ಯಯನ. ಇವುಗಳಲ್ಲಿ ಹೆಚ್ಚು ಪರಿಚಿತವಾದವು ಸ್ಯೂಡೊಮೋನಾಸ್ ಕುಲದವು. ಕಾಫಿ ತೋಟದ ಮಣ್ಣು ಇವುಗಳ ಸಹಜ ನೆಲೆಗಳಲ್ಲೊಂದು. ಸಕಲೇಶಪುರ, ಆಲೂರು ಗುಡ್ಡಗಳಂಥ ಕಾಫಿ ಸೀಮೆಯಲ್ಲಿ ಉದುರಿದ ಎಲೆ, ಹಣ್ಣು, ಸಿಪ್ಪೆಗಳ ಮೂಲಕ ಕೆಫೀನ್ ವರ್ಷವಿಡೀ ನೆಲ ಸೇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಕಾಫಿ ತೋಟದ ಮಣ್ಣಿನಿಂದ ಬೇರ್ಪಡಿಸಿದ ಸ್ಯೂಡೊಮೋನಾಸ್ ಆಲ್ಕಲಿಜೆನೆಸ್ ತಳಿಯನ್ನು (ಎಂಟಿಸಿಸಿ 5264) ಕೆಫೀನ್ ಅಳೆಯುವ ಜೈವಿಕ ಸಂವೇದಕದಲ್ಲಿ ಬಳಸಿದರು.

ಈ ಕುಲದ ಹೋಲಿಕೆಗೆ ಮುಖ್ಯ ಆಧಾರ, 2002ರಲ್ಲಿ ಪ್ರಕಟವಾದ ಸ್ಯೂಡೊಮೋನಾಸ್ ಪುಟಿಡಾ ಕೆಟಿ2440 ತಳಿಯ ಜೀನೋಮ್. ಗಾತ್ರ ಸುಮಾರು 61.8 ಲಕ್ಷ ಪ್ರತ್ಯಾಮ್ಲ ಜೋಡಿ. ಕೆಫೀನ್ ಒಡೆಯುವ ಬಗೆಯ ಅತ್ಯಂತ ಸ್ಪಷ್ಟ ಚಿತ್ರ ದೊರೆತದ್ದು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಿಬಿಬಿ5 ತಳಿಯಿಂದ. ಅದರ ಎನ್‌ಡಿಎಂ ವಂಶವಾಹಿಗಳ ಕಿಣ್ವಗಳು ಕೆಫೀನಿನ ಮೂರು ಮಿಥೈಲ್ ಗುಂಪುಗಳನ್ನು ಒಂದೊಂದಾಗಿ ಕಳಚುತ್ತವೆ: ಕೆಫೀನ್ ಮೊದಲು ಥಿಯೊಬ್ರೋಮಿನ್ ಆಗಿ, ಬಳಿಕ 7-ಮಿಥೈಲ್‌ಕ್ಸಾಂಥೀನ್ ಆಗಿ, ಕಡೆಗೆ ಕ್ಸಾಂಥೀನ್ ಆಗುತ್ತದೆ. ಸಿಬಿಬಿ1 ತಳಿಯ ದಾರಿ ಬೇರೆ. ಅದು ಮಿಥೈಲ್ ಗುಂಪುಗಳನ್ನು ಉಳಿಸಿಕೊಂಡೇ ಕೆಫೀನನ್ನು ಉತ್ಕರ್ಷಿಸುತ್ತದೆ. 2013ರಲ್ಲಿ ಟೆಕ್ಸಾಸ್ ಸಂಶೋಧಕರು ಸಿಬಿಬಿ5ರ ಎನ್‌ಡಿಎಂ ವಂಶವಾಹಿಗಳನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿದರು.

ದ್ರಾವಕವಿಲ್ಲದೆ ಕೆಫೀನ್ ತೆಗೆಯುವುದು, ಔಷಧೋಪಯೋಗಿ ಮಿಥೈಲ್‌ಕ್ಸಾಂಥೀನ್‌ಗಳ ತಯಾರಿಕೆ ಈ ಅಧ್ಯಯನದ ಉಪಯೋಗಗಳು. ಬೆಳೆಗಾರರ ಮಟ್ಟಿಗೆ ಹೆಚ್ಚು ಮಹತ್ವದ್ದು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್‌ನಲ್ಲಿ ಉಳಿಯುವ ಸಿಪ್ಪೆಯ ಕೆಫೀನ್ ತಗ್ಗಿಸಿ ಅದನ್ನು ಗೊಬ್ಬರ, ಮೇವುಗಳಿಗೆ ಒದಗಿಸುವ ಸಾಧ್ಯತೆ.